ತುದಿ ಸಿಗುವ ತನಕ

ಮದುವೆ ಮನೆಯಲ್ಲಿ ನನಗೆಂದೂ ಭಯವಾಗಿಲ್ಲ.
ಅಲ್ಲಿ ಯಾರು ಕೇಳುತ್ತಾರೆ?
ಬೀಗರ ಕಾಫಿ ತಣ್ಣಗಾಗಿದೆ, ಯಾರದೋ ಮಗು ಕಾಣುತ್ತಿಲ್ಲ,
ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಅಂದಾಗ
ನಾವಿದ್ದೇವೆಂದು ಎಲ್ಲರಿಗೂ ಒಮ್ಮೆ ನೆನಪಾಗುತ್ತದೆ,
ಅಕ್ಷತೆ ಬಿದ್ದ ಮೇಲೆ ಮರೆತುಹೋಗುತ್ತದೆ.
ಹದಿನೇಳು ವರ್ಷ ಹಾಗೆ ಊದಿದ್ದೇನೆ,
ಶಿಡ್ಲಘಟ್ಟ, ಚಿಂತಾಮಣಿ, ಎಚ್ ಕ್ರಾಸ್,
ಗದ್ದಲದ ಬೆನ್ನಿಗೆ ಒರಗಿಕೊಂಡು.

ಭಯ ಬಂದದ್ದು ಮೌನದಿಂದ.
ಚಿಕ್ಕಬಳ್ಳಾಪುರದ ಒಂದು ಸಭಾಭವನ,
ನಲವತ್ತು ಜನ, ಪ್ಲಾಸ್ಟಿಕ್ ಕುರ್ಚಿ,
ಒಬ್ಬರೂ ಮಾತಾಡುತ್ತಿಲ್ಲ.
ನಾನಿನ್ನೂ ಊದದ ಸ್ವರವನ್ನು
ಎಲ್ಲರೂ ಕಾಯುತ್ತಿದ್ದಾರೆ.
ಫ್ಯಾನಿನ ಕಿರುಗುಟ್ಟು ಕೇಳಿಸಿತು.
ನಾನೇ ಉಗುಳು ನುಂಗಿದ್ದು ಕೇಳಿಸಿತು.
ಪಿಟೀಲಿನವರ ಕೈ ನಡುಗಿದರೆ ಗಮಕವೆಂದು ದಾಟಿಸಬಹುದು,
ಹಾಡುವವರು ನೀರು ಕುಡಿದು ಕೆಮ್ಮಬಹುದು,
ನಾಗಸ್ವರದವನಿಗೆ ಉಸಿರೇ ಬಂಡವಾಳ;
ಭಯ ಬಂದು ಮೊದಲು ಕೈಹಾಕುವುದೇ ಆ ಪೆಟ್ಟಿಗೆಗೆ.
ಷಡ್ಜ ಹೊರಟದ್ದು ಬಾತುಕೋಳಿಯಾಗಿ.
ಹಿಂದಿನ ಸಾಲಲ್ಲಿ ಒಬ್ಬಳು ಹುಡುಗಿ ನಕ್ಕಳು.
ನಕ್ಕಳೋ, ಸೀನಿದಳೋ. ಇವತ್ತಿಗೂ ಇತ್ಯರ್ಥವಾಗಿಲ್ಲ.

ಆಮೇಲೆ ಎರಡು ಕಚೇರಿ ಬಿಟ್ಟೆ.
ಒಂದಕ್ಕೆ ಜ್ವರ ಅಂದೆ, ಇನ್ನೊಂದಕ್ಕೆ ಸೂತಕ.
ಸತ್ತವರು ಯಾರೆಂದು ಕೇಳಿದರು;
ಎಂದೋ ತೀರಿಕೊಂಡ ಸೋದರಮಾವನನ್ನು
ಇನ್ನೊಮ್ಮೆ ಸಾಯಿಸಿದೆ.

ಅಮ್ಮ ರೀಲಿಂಗ್ ಯೂನಿಟ್ಟಿನಲ್ಲಿ ಗೂಡು ಬಿಚ್ಚುತ್ತಾಳೆ.
ಒಂದು ಬೆಳಗ್ಗೆ ಮರೆತ ಡಬ್ಬಿ ಕೊಡಲು ಹೋದೆ.
ಹಬೆ. ಬೆಂದ ಹುಳುವಿನ ವಾಸನೆ,
ಅದರಲ್ಲೇ ಬೆಳೆದವನು, ಆದರೂ ಮೂಗು ಮುಚ್ಚಿದೆ.
ಬಿಸಿನೀರಲ್ಲಿ ಗೂಡುಗಳು
ಒಂದರ ಮೈಗೊಂದು ತಾಗುತ್ತ ತೇಲುತ್ತಿದ್ದವು.
ಸುಕ್ಕುಗಟ್ಟಿ ಬಿಳಿಚಿದ ಬೆರಳಿಂದ
ಸುಮ್ಮನೆ ತಡವುತ್ತಿದ್ದಳು.
ಹುಡುಕುತ್ತಿರಲಿಲ್ಲ, ತಡವುತ್ತಿದ್ದಳು.
ಮೊದಲು ಬರುವುದೆಲ್ಲ ಸಿಕ್ಕು,
ಅದನ್ನು ಬೈಯದೆ ಸುತ್ತಿ ಪಕ್ಕಕ್ಕಿಡುವಳು.
ಆಮೇಲೊಂದು ಎಳೆ ತಾನಾಗಿ ಮೇಲೆದ್ದು,
ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು,
ಚರಕ ಹತ್ತುವುದು.

ನಾನೂ ಒಂದು ಗೂಡು ಹಿಡಿದೆ. ಎಳೆದೆ. ಪಟಕ್.
‘ಎಳೀಬೇಡ ಕಣೋ,’ ಅಂದಳು, ತಲೆಯೆತ್ತದೆ,
‘ತುದಿ ಸಿಕ್ಕೋ ತನಕ ಸುಮ್ನಿರು. ಸಿಕ್ಕಿದ್ಮೇಲೆ ಅದೇ ಬರ್ತದೆ.’
ನನ್ನ ಸಂಗತಿ ಅವಳಿಗೆ ಗೊತ್ತಿರಲಿಲ್ಲ.
ಗೊತ್ತಿತ್ತೇನೋ.

ರಾತ್ರಿ ಮಾಳಿಗೆಯ ಮೇಲೆ ಕೂತೆ, ವಾದ್ಯ ಮುಟ್ಟದೆ.
ಉಸಿರನ್ನು ಎಳೆಯಲಿಲ್ಲ. ಬರಲೆಂದು ಕಾದೆ.
ಮೊದಲು ಬಂದದ್ದು ಸಿಕ್ಕೇ:
ಸೀನಿದ ಹುಡುಗಿ, ಎರಡು ಸಲ ಸತ್ತ ಮಾವ,
ಬೈಕಿನ ಕಂತು, ‘ನಿನ್ನ ಕೈಲಾಗಲ್ಲ ಬಿಡು’
ಎಂದು ಅಪ್ಪ ನಾಗಸ್ವರ ಕಸಿದುಕೊಂಡ ಸಂಜೆ.
ಸುತ್ತಿ ಪಕ್ಕಕ್ಕಿಟ್ಟೆ. ಮತ್ತೆ ಬಂದವು. ಮತ್ತೆ ಇಟ್ಟೆ.
ಎಷ್ಟೋ ಹೊತ್ತಿಗೆ ಮೂಗಿನ ಹೊಳ್ಳೆಯಲ್ಲಿ
ಒಂದು ತಣ್ಣನೆ ಎಳೆ,
ಹೊಟ್ಟೆಯವರೆಗೆ ಇಳಿದು, ತಿರುಗಿ,
ಬೆಚ್ಚಗಾಗಿ ಹೊರಟಿತು.
ಅಷ್ಟೇ. ಜ್ಞಾನೋದಯವೇನೂ ಆಗಲಿಲ್ಲ.
ಸೊಳ್ಳೆ ಕಚ್ಚಿತು.

ಮೊನ್ನೆ ಮತ್ತೆ ಅದೇ ಸಭಾಭವನ.
ಭಯ ನನಗಿಂತ ಮುಂಚೆಯೇ ಬಂದು
ಮುಂದಿನ ಸಾಲಲ್ಲಿ ಕಾಲ ಮೇಲೆ ಕಾಲು ಹಾಕಿತ್ತು.
ಬಾಪ್ಪ, ಅಂದೆ. ಕೂತ್ಕೊ.
ಪೀಪಿಗೆ ಸುತ್ತಿದ ದಾರ ಬೆರಳಿಗೆ ತಾಗಿತು,
ಅಮ್ಮ ಪಕ್ಕಕ್ಕಿಟ್ಟ ಸಿಕ್ಕಿನಿಂದಲೇ ಹೊಸೆದದ್ದು.
ಶ್ರುತಿಪೆಟ್ಟಿಗೆ ಗುಂಯ್ಗುಡುತ್ತಿತ್ತು.
ಡೋಲಿನ ಪಿಳ್ಳಾಂಜಿನಪ್ಪ ಹುಬ್ಬೇರಿಸಿದ: ಏನು?
ಊದಲಿಲ್ಲ.
ನಲವತ್ತು ಜನ ಕಾದರು. ಕಾಯಲಿ.
ಒಂದು ಉಸಿರು ಹೋಯಿತು, ಬರೀ ಸಿಕ್ಕು.
ಇನ್ನೊಂದು ಹೋಯಿತು.
ಅದರ ಮುಂದಿನದರ ತುದಿ ಸಿಕ್ಕಿತು.

ಷಡ್ಜ ಅಂಚಿನಲ್ಲಿ ತುಸು ಹರಿದೇ ಬಂತು, ಸುಳ್ಳು ಹೇಳುವುದಿಲ್ಲ.
ಆದರೆ ಬಂತು. ಬರುತ್ತಲೇ ಇತ್ತು,
ಹೆಬ್ಬೆರಳ ಗಾತ್ರದ ಗೂಡಿನೊಳಗೆ
ಅಷ್ಟುದ್ದ ಎಲ್ಲಿ ಅಡಗಿತ್ತೋ ಎಂಬಂತೆ.

ಮನೆ ಸೇರಿದಾಗ ಹನ್ನೊಂದು ದಾಟಿತ್ತು.
ಅಮ್ಮ ಬಾಗಿಲು ತೆಗೆದು ಕೇಳಿದ್ದು ಒಂದೇ:
‘ಊಟ ಹಾಕಿದ್ರಾ?’
ಅವಳ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಹೇಳಿದೆ,
ಹಾಕಿದರು. ಪಾಯಸ ಸಪ್ಪೆ.